ಝಾರಿ ಬೆಳೆಸಿದ ಹಿಮಬೆಟ್ಟದ ಹೂವು

ತೋಟದ ತಗಡಿನ ಝಾರಿಯಲ್ಲಿ ನೀರಿಗಿಂತ ಜಂಬವೇ ಹೆಚ್ಚು ತುಂಬಿತ್ತು. ತಾನು ನೀರೆರೆದ ಡೇರೆ ಹೂವಿನ ಗಿಡವನ್ನು ಹತ್ತಿ ಚಂದ್ರನ ಮುಖ ತೊಳೆದು ಬಂದೆನೆಂದು ಹೇಳಿಕೊಳ್ಳುತ್ತಿತ್ತು. ಒಂದು ಬೆಳಗ್ಗೆ ಅದು ಕಲ್ಲುಗಳ ಸಂದಿಯಲ್ಲಿ ಹೊಸದಾಗಿ ನೆಟ್ಟಿದ್ದ ಹಿಮಬೆಟ್ಟದ ಪುಟ್ಟ ಗಿಡವನ್ನು ಕಂಡಿತು. ಗಿಡದ ಬುಡದ ಸುತ್ತ ಒಣ ಜಲ್ಲಿ ಹರಡಿತ್ತು.

“ಅಯ್ಯೋ ಕೂಸೇ, ನಿನಗೆ ಕಲ್ಲು ಉಣಿಸಿದವರು ಯಾರು? ತಡಿ, ಒಂದು ಕೆರೆಯನ್ನೇ ಸುರಿಯುತ್ತೇನೆ,” ಎಂದು ಝಾರಿ ಬಾಗಿತು.

ಆ ಗಿಡಕ್ಕೆ ಒಣ ಜಲ್ಲಿಯೇ ಹಿತ. ಬುಡ ನೆನೆದರೆ ಅದು ಎರಡೇ ದಿನದಲ್ಲಿ ಕೊಳೆತುಹೋಗುತ್ತಿತ್ತು. ಬೇಡವೆಂದರೆ ಕೇಳುವ ಝಾರಿಯೂ ಅದಲ್ಲ.

“ಮಾವಯ್ಯ, ನೀರು ಹಾಕಿ ಯಾರು ಬೇಕಾದರೂ ಬೆಳೆಸಿಯಾರು. ಬರೀ ಮಾತಿನಿಂದಲೇ ಹೂ ಅರಳಿಸುವವರು ನೀವೊಬ್ಬರೇ ಅಂತ ನಮ್ಮ ಬೆಟ್ಟದಲ್ಲೆಲ್ಲ ಸುದ್ದಿ,” ಎಂದಿತು ಗಿಡ.

ಝಾರಿ ನೆಟ್ಟಗೆ ನಿಂತಿತು. “ಹೌದಾ? ಅಲ್ಲಿಗೂ ಮುಟ್ಟಿತಾ?”

ಅಂದಿನಿಂದ ಅದು ದಿನವೂ ಬಂದು, ಒಂದು ಹನಿಯೂ ಚೆಲ್ಲದೆ, ಗಂಟೆಗಟ್ಟಲೆ ಜಂಬ ಕೊಚ್ಚಿ ಹೋಗುತ್ತಿತ್ತು. ಗಿಡ ಇಬ್ಬನಿ ಕುಡಿಯುತ್ತ, ತಲೆಯಾಡಿಸುತ್ತ ಕೇಳುತ್ತಿತ್ತು. ತಿಂಗಳು ತುಂಬುವಷ್ಟರಲ್ಲಿ ನೀಲಿ ಹೂ ಬಿಟ್ಟಿತು.

“ಒಂದು ತೊಟ್ಟೂ ನೀರು ಹಾಕದೆ ಬೆಳೆಸಿದೆ!” ಎಂದು ಝಾರಿ ತೋಟಕ್ಕೆಲ್ಲ ಸಾರಿತು. ಅದು ಹುಟ್ಟಿದಾಗಿನಿಂದ ಆಡಿದ ಮೊದಲ ನಿಜ ಅದು. ಚಂದ್ರನ ಕಥೆಯನ್ನು ನಂಬಿದ್ದ ಡೇರೆ ಹೂಗಳು ಇದನ್ನು ಮಾತ್ರ ನಂಬಲಿಲ್ಲ.