ಗೆದ್ದಲಮ್ಮನ ಒಂದು ತುತ್ತು

ಬ್ಯಾಂಕಿನ ಕಪಾಟಿನಲ್ಲಿ ಊರಿನ ಮನೆಗಳ ಹಕ್ಕುಪತ್ರಗಳನ್ನು ತಿಂದು ಬದುಕಿದ್ದ ಗೆದ್ದಲಮ್ಮನಿಗೆ ಒಂದು ದಿನ ಕಪಾಟು ಖಾಲಿ ಕಂಡಿತು. ಪತ್ರಗಳೆಲ್ಲ ಗುಪ್ತಲಿಪಿಯಾಗಿ ಕ್ಲೌಡ್ ಸೇರಿದ್ದವು. ಕಾಗದಗಳನ್ನು ಸುಟ್ಟಿದ್ದೂ ಆಗಿತ್ತು.

ಹಸಿದ ಗೆದ್ದಲಮ್ಮ ಕಂಪ್ಯೂಟರ್ ಏರಿ ಕ್ಲೌಡನ್ನು ಕೇಳಿದಳು: "ಏನಪ್ಪಾ, ಯಾರ ಪತ್ರ ಎಲ್ಲಿಟ್ಟಿದ್ದೀಯ?"

"ಗೊತ್ತಿಲ್ಲ ತಾಯಿ. ನಾನು ಕಾಯುವವನು, ಓದಲಾರೆ. ಪಾಸ್‌ವರ್ಡ್ ಇರುವುದು ಮ್ಯಾನೇಜರ್ ಬಸವಂತಪ್ಪನವರ ಬಳಿ ಮಾತ್ರ."

"ಅದು ಕಳೆದರೆ?"

"ಬ್ರಹ್ಮನೂ ತೆರೆಯಲಾರ."

ಏನು ಕಾಯುತ್ತಿದ್ದೇನೆಂದು ಕಾವಲುಗಾರನಿಗೇ ತಿಳಿಯದ ಕಾವಲು! ಗೆದ್ದಲಮ್ಮ ಹುಟ್ಟಿದಂದಿನಿಂದ ಮೊದಲ ಸಲ ಬಾಯಾಡಿಸುವುದನ್ನು ಮರೆತು ನಿಂತಳು. ಆಮೇಲೆ ಹಸಿವು ತಾಳದೆ ಗೋಡೆ ಹತ್ತಿದಳು. ಲಕ್ಷ್ಮಿಯ ಪಟದ ಹಿಂದೆ ಕುಂಕುಮ ಹಚ್ಚಿದ ಒಂದು ಚೀಟಿ ಸಿಕ್ಕಿತು. ತಿಂದಳು. ಬಸವಂತಪ್ಪನವರು ಅದರಲ್ಲೇ ಪಾಸ್‌ವರ್ಡ್ ಬರೆದು, ಪೂಜೆ ಮಾಡಿಸಿ, ದೇವರಿಗೇ ಒಪ್ಪಿಸಿ ನಿಶ್ಚಿಂತೆಯಿಂದ ಮರೆತಿದ್ದರು.

ಮರುದಿನ ಪಟ ತಿರುಗಿಸಿದರೆ ಬರೀ ಮಣ್ಣು. "ಒಂದು ಪತ್ರವನ್ನಾದರೂ ಕೊಡೋ ಮಾರಾಯ!" ಎಂದು ಬಸವಂತಪ್ಪ ಕ್ಲೌಡಿಗೆ ಅಂಗಲಾಚಿದರು.

"ಎಲ್ಲವೂ ಭದ್ರವಾಗಿವೆ, ಸ್ವಾಮಿ," ಎಂದಿತು ಕ್ಲೌಡ್.

ಗೆದ್ದಲಮ್ಮ ತನ್ನ ಹೊಟ್ಟೆಯನ್ನೇ ಬೆರಗಿನಿಂದ ನೋಡಿಕೊಂಡಳು. ಮೂರು ತಲೆಮಾರು ತಿಂದರೂ ಮುಗಿಯದಿದ್ದ ಊರು ಒಂದೇ ತುತ್ತಿಗೆ ಮುಗಿದಿತ್ತು.