ಬಿದ್ದಾಳ ಗುಡ್ಡದ ಹಂದಿ

ತುಂಗಭದ್ರೆಯ ಬಯಲಿನಿಂದ ಉತ್ತರಕ್ಕೆ ಹೋಗುವವರಿಗೆ, ಬಂಡೆಯ ಮೇಲೆ ಬಂಡೆ ಹೇರಿದಂತಿರುವ ಬಿದ್ದಾಳ ಗುಡ್ಡ ದೂರದಿಂದಲೇ ಕಾಣುತ್ತದೆ. ಹೆಸರು ಕೇಳಿದ ಹೊಸಬರು, ಯಾರೋ ಹೆಣ್ಣುಮಗಳು ಇಲ್ಲಿಂದ ಬಿದ್ದಳೇನೋ ಎಂದುಕೊಳ್ಳುವುದುಂಟು. ಹಾಗಲ್ಲ; 'ಬಿದ್ದ ಆಳು' ಎಂಬುದೇ ಬಾಯಿಂದ ಬಾಯಿಗೆ ಸವೆದು ಬಿದ್ದಾಳವಾಯಿತು ಎನ್ನುತ್ತಾರೆ ಊರ ಹಿರಿಯರು. ನಡುಗುಡ್ಡದ ಗವಿಯಲ್ಲಿ, ಯಾವ ಕಾಲದವರೋ ಕೆಮ್ಮಣ್ಣಿನಲ್ಲಿ ಬರೆದ ಕಾಡುಹಂದಿಯೊಂದಿದೆ. ಬೆನ್ನಿಗೆ ಒಂದೇ ಗೆರೆ, ಗೆರೆಯ ಮೇಲೆ ಸೆಟೆದ ಕೂದಲು. ಅದರ ಕಾಲಡಿಯಲ್ಲಿ ಬೆರಳುದ್ದದ ಮನುಷ್ಯನೊಬ್ಬ ತಲೆಕೆಳಗಾಗಿ ಬಿದ್ದಿದ್ದಾನೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಜಡೆಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಅವನ ಕೋಟೆಯ ಗೋಡೆಗಳಿಗೆ ಸುಣ್ಣ ಬಳಿದು ಚಿತ್ತಾರ ಬರೆಯುತ್ತಿದ್ದವಳು ಹುಲಿಗೆವ್ವ. ಬೇಟೆಯಲ್ಲಿ ಪೊದೆ ಬಡಿದು ಮೃಗಗಳನ್ನು ಎಬ್ಬಿಸುವ ಆಳುಗಳಲ್ಲಿ ಅವಳ ಗಂಡ ಗಾದಿಲಿಂಗನೂ ಒಬ್ಬ. ಒಂದು ಸಲ ಆ ಗವಿಯ ಬಳಿಯೇ ನಡೆದ ಬೇಟೆಯಲ್ಲಿ ನಾಯಕ ಎಸೆದ ಈಟಿ ಹಂದಿಯ ಭುಜಕ್ಕೆ ನಾಟಿತಾದರೂ ಅದು ಬೀಳಲಿಲ್ಲ, ತಿರುಗಿ ನುಗ್ಗಿತು. ನಾಯಕ ಕುದುರೆಯನ್ನು ಹಿಂದಕ್ಕೆ ಜಗ್ಗಿ, "ಅಡ್ಡ ನಿಲ್ಲೋ!" ಎಂದು ಗಾದಿಲಿಂಗನನ್ನು ಮುಂದಕ್ಕೆ ಒದ್ದ. ಬರೀ ಕೋಲು ಹಿಡಿದಿದ್ದವನನ್ನು ಕೋರೆಹಲ್ಲು ತೊಡೆಯಿಂದ ಹೊಟ್ಟೆಯವರೆಗೆ ಸೀಳಿತು. ಆಮೇಲೆ ಎಲ್ಲರೂ ಸೇರಿ ಹಂದಿಯನ್ನು ಚುಚ್ಚಿ ಕೊಂದು, ತಮಟೆ ಬಡಿಯುತ್ತ ಕೋಟೆಗೆ ಹೊತ್ತೊಯ್ದರು. ಗಾದಿಲಿಂಗನನ್ನು ಹುಡುಕಿಕೊಂಡು ಹೋದವಳು ಹುಲಿಗೆವ್ವ ಒಬ್ಬಳೇ. ಅವನು ಕರುಳು ಅದುಮಿಕೊಂಡು ಗವಿಯೊಳಗೆ ತೆವಳಿ ಹೋಗಿ ಸತ್ತಿದ್ದ. ಹೆಣವನ್ನು ತೊಡೆಯ ಮೇಲೆ ಎಳೆದುಕೊಂಡು ತಲೆಯೆತ್ತಿದಾಗ ಬಂಡೆಯ ಮೇಲಿನ ಹಂದಿ ಕಂಡಿತು. ಅದುವರೆಗೆ ಮೃಗಗಳನ್ನು ಗೊಂಬೆಗಳಂತೆ ಚೆಂದವಾಗಿ ಬರೆಯುತ್ತಿದ್ದವಳು ಆ ಬೆನ್ನಿನ ಗೆರೆಯ ಮೇಲೆ ಬೆರಳಾಡಿಸಿದಳು. ಇದನ್ನು ಬರೆದವರು ಇದರ ಎದುರು ನಿಂತವರು. ಸತ್ತ ತಮ್ಮವನೊಬ್ಬನನ್ನೂ ಅವರು ಬರೆಯದೆ ಬಿಟ್ಟಿರಲಿಲ್ಲ.

ಆ ಬೇಟೆಯನ್ನು ಹೆಬ್ಬಾಗಿಲ ಗೋಡೆಗೆ ಬರೆಯಬೇಕೆಂದು ಅಪ್ಪಣೆಯಾಯಿತು. ಹುಲಿಗೆವ್ವ ಬರೆದ ಹಂದಿಯನ್ನು ಕಂಡು ನಾಯಕನ ಕುದುರೆಯೇ ಬೆಚ್ಚಿ ಹಿಂದೆ ಸರಿಯಿತು ಎನ್ನುತ್ತಾರೆ. ಹಂದಿಯ ಕೆಳಗೆ ಬಿದ್ದ ಆಳು. ಬೇರೆ ಯಾರೂ ಇರಲಿಲ್ಲ.

"ನಾ ಎಲ್ಲಿ?" ಎಂದ ನಾಯಕ.

"ನೀವು ಭಾಳ ಹಿಂದಿದ್ರಿ, ದೊರಿ. ಗ್ವಾಡಿ ಅಷ್ಟುದ್ದ ಇಲ್ಲ."

ನಾಯಕ ಕತ್ತಿ ಬೀಸಿ ಅವಳ ಬಲಗೈಯ ಬೆರಳುಗಳನ್ನು ತುಂಡರಿಸಿದ, ಚಿತ್ರವನ್ನು ಕೆರೆಸಿಹಾಕಿದ. ಆದರೆ ಅಷ್ಟರಲ್ಲಿ ಆಳುಗಳೆಲ್ಲ ಅದನ್ನು ನೋಡಿಯಾಗಿತ್ತು. ಮುಂದಿನ ಬೇಟೆಯಲ್ಲಿ ಗಾಯಗೊಂಡ ಹಂದಿ ತಿರುಗಿಬಿದ್ದಾಗ ನಾಯಕ ಮತ್ತೆ ಅಡ್ಡ ನಿಲ್ಲಿರೆಂದು ಅಬ್ಬರಿಸಿದ. ಯಾರೂ ನಿಲ್ಲಲಿಲ್ಲ, ಬಂಡೆಗಳನ್ನೇರಿ ಕೂತರು. ಹಂದಿ ಕುದುರೆಯ ಹೊಟ್ಟೆ ಬಗೆಯಿತು. ಅದರಡಿ ಸಿಕ್ಕಿಕೊಂಡ ನಾಯಕನನ್ನು ಅವನ ಕೂಗು ನಿಲ್ಲುವತನಕ ತಿವಿಯಿತು. ಅಂದೇ ಆಳುಗಳು ಹುಲಿಗೆವ್ವನ ಮನೆಗೆ ಬಂದು, ಚಿತ್ರವನ್ನು ಇನ್ನೊಮ್ಮೆ ಬರಿ, ಈ ಸಲ ಬಿದ್ದವನ ತಲೆಗೆ ನಾಯಕನ ರುಮಾಲು ಸುತ್ತು ಎಂದರು. ಅವಳು ಎಡಗೈಯಿಂದ ತನ್ನ ಮನೆಯ ಗೋಡೆಗೇ ಬರೆದಳು, ರುಮಾಲು ಮಾತ್ರ ಸುತ್ತಲಿಲ್ಲ.

"ಅದು ನನ್ನ ಗಂಡನ ಜಾಗ," ಎಂದಳು.

ಗುಡ್ಡದ ಬುಡದ ಊರಿನಲ್ಲಿ ಈಗಲೂ ಗೋಡೆಗಳ ಮೇಲೆ ಹಂದಿ, ಕಡವೆ, ಚಿರತೆಗಳು ಬಾಗಿಲಿನಷ್ಟು ದೊಡ್ಡವಾಗಿವೆ, ಮನುಷ್ಯ ಬೆರಳುದ್ದ. ಕಾಡುಪ್ರಾಣಿಗಳನ್ನು ಬರೆಯುವ ಇಂದಿನ ಚಿತ್ರಕಾರರು ಪಟ್ಟಣಗಳಿಂದ ಬಂದು, ಗವಿಯಲ್ಲೂ ಈ ಗೋಡೆಗಳೆದುರೂ ಕೂತು ಆ ಬೆನ್ನಿನ ಗೆರೆಯನ್ನು ಕಲಿಯುತ್ತಾರೆ. ಕೆಲವರು ಹಂದಿಯನ್ನಷ್ಟೇ ಬರೆದುಕೊಂಡು ಏಳುತ್ತಾರೆ. ಆಗ ಮನೆಯಾಕೆ ಚಹಾದ ಲೋಟ ಹಿಡಿದು ಹೊರಗೆ ಬಂದು, "ಬಿದ್ದ ಆಳನ್ನ ಬಿಟ್ರಲ್ರೀ," ಎನ್ನುತ್ತಾಳೆ. ಅವರು ಮತ್ತೆ ಕೂತು ಬರೆದು ಮುಗಿಸುವತನಕ ಅಲ್ಲೇ ನಿಂತಿರುತ್ತಾಳೆ.