ಜೇಬಿನಲ್ಲಿದ್ದ ಫ್ಯೂಸು

“ಗುರುಗಳೇ, ನಾನು ಒಮ್ಮೆ ತಪ್ಪಿದೆ. ಯಾರೂ ನೋಡಲಿಲ್ಲ, ಯಾರಿಗೂ ಹಾನಿಯಾಗಲಿಲ್ಲ. ಅಂದಿನಿಂದ ನಾನು ಎಚ್ಚರವಾಗಿದ್ದೇನೆ. ಕಿರಿಯರಿಗೂ ಎಚ್ಚರ ಹೇಳುತ್ತಿದ್ದೇನೆ. ಅಷ್ಟು ಸಾಲದೇ? ತಪ್ಪಿದ್ದನ್ನೂ ಅವರಿಗೆ ಹೇಳಬೇಕೇ?”

ಹೀಗೆ ಕೇಳಿದ ಶಿಷ್ಯ ಮಠದ ವಿದ್ಯಾರ್ಥಿಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದವನು. ವಿದ್ಯಾರ್ಥಿಗಳು ಅವನ ಮಾತನ್ನು ಮೀರುತ್ತಿರಲಿಲ್ಲ. ಈ ಪ್ರಶ್ನೆ ಕೇಳುವಾಗ ಮಾತ್ರ ಅವನು ಗುರುಗಳ ಮುಖ ನೋಡದೆ ನೆಲ ನೋಡಿದ.

ಏನು ತಪ್ಪು ಮಾಡಿದೆ ಎಂದು ಗುರುಗಳು ಕೇಳಲಿಲ್ಲ. ಕುಳಿತುಕೊಳ್ಳುವಂತೆ ಸನ್ನೆ ಮಾಡಿ, ಕತೆ ಹೇಳತೊಡಗಿದರು.

ಒಂದು ಊರಿನ ಮರಗೆಲಸದ ಕಾರ್ಖಾನೆಯಲ್ಲಿ ಒಬ್ಬ ಹಿರಿಯ ಬಡಗಿ ಇದ್ದ. ಅಲ್ಲಿ ಕೆಲಸ ಮಾಡುವವರೆಲ್ಲ ಅವನ ಕೈಕೆಳಗೆ ಕಲಿತವರು. ಎಲ್ಲರೂ ಅವನನ್ನು ಅಣ್ಣ ಎನ್ನುತ್ತಿದ್ದರು. ಅವನ ಕೆಲಸ ಅಚ್ಚುಕಟ್ಟು, ನಾಲಿಗೆ ಹರಿತ. ಒಮ್ಮೆ ಒಬ್ಬ ಕೆಲಸಗಾರ ಉಳಿ ತಾಗಿಸಿಕೊಂಡು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದ. ಬಡಗಿ ಎಲ್ಲರ ಎದುರಿಗೆ ಅವನನ್ನು ನಿಲ್ಲಿಸಿ, “ತನ್ನ ಕೈ ಎಲ್ಲಿದೆ ಎಂದು ಗೊತ್ತಿಲ್ಲದವನು ಬಡಗಿಯಲ್ಲಪ್ಪ. ಹೋಗಿ ಸೌದೆ ಒಡಿ,” ಎಂದ. ಉಳಿದವರು ನಕ್ಕರು. ಆ ಕೆಲಸಗಾರ ತಲೆ ತಗ್ಗಿಸಿದ. ತಾನು ಅವನಿಗೆ ಒಳ್ಳೆಯದನ್ನೇ ಮಾಡಿದೆ ಎಂದು ಬಡಗಿ ತಿಳಿದ.

ಆ ಕಾರ್ಖಾನೆಯ ನಡುವೆ ಹಲಗೆ ಸೀಳುವ ಗರಗಸದ ಯಂತ್ರವಿತ್ತು. ಕಬ್ಬಿಣದ ಮೇಜು, ಅದರ ಸೀಳಿನಿಂದ ಮೇಲೆದ್ದ ಹಲ್ಲಿನ ಚಕ್ರ, ಚಕ್ರದ ಮೇಲೊಂದು ಮುಚ್ಚಳ. ಊರಿನಲ್ಲಿ ಕರೆಂಟು ಹೇಳದೆ ಹೋಗುತ್ತಿತ್ತು, ಹೇಳದೆ ಬರುತ್ತಿತ್ತು. ಹೋದ ಕೂಡಲೇ ಎಲ್ಲರೂ ಎದುರಿನ ಚಹಾದಂಗಡಿಗೆ ನಡೆಯುತ್ತಿದ್ದರು. ಹೋಗುವಾಗ ಯಾರೂ ಯಂತ್ರದ ಸ್ವಿಚ್ಚು ಆರಿಸುತ್ತಿರಲಿಲ್ಲ. ಕರೆಂಟು ಬಂತೆಂದರೆ ಗರಗಸ ತಾನಾಗಿ ಗುಂಯ್ ಎನ್ನಬೇಕು, ಆ ಸದ್ದು ರಸ್ತೆ ದಾಟಿ ಅಂಗಡಿಗೆ ಕೇಳಬೇಕು, ಕೇಳಿದವರು ಲೋಟ ಇಟ್ಟು ಎದ್ದು ಬರಬೇಕು. ಇದು ಅಲ್ಲಿಯ ರೂಢಿ. ರೂಢಿ ಮಾಡಿದವನು ಬಡಗಿಯೇ.

ಒಂದು ದಿನ ಅವನು ಹಲಗೆ ಸೀಳುತ್ತಿದ್ದಾಗ ಕರೆಂಟು ಹೋಯಿತು. ಉಳಿದವರು ಚಹಾಕ್ಕೆ ಹೋದರು. ಚಕ್ರಕ್ಕೂ ಮೇಜಿಗೂ ನಡುವೆ ಒಂದು ಚಕ್ಕೆ ಸಿಕ್ಕಿಕೊಂಡದ್ದು ಬಡಗಿಯ ಕಣ್ಣಿಗೆ ಬಿತ್ತು. ಈಗಲೇ ತೆಗೆದುಬಿಡೋಣ ಎಂದು ಮುಚ್ಚಳ ಎತ್ತಿ ಕೈ ಹಾಕಿದ. ಚಕ್ಕೆ ಹಿಡಿದು ಎಳೆದ. ಕೈ ಹಿಂದಕ್ಕೆ ಬರುತ್ತಿರುವಂತೆಯೇ ಕರೆಂಟು ಬಂತು. ಅಂಗಿಯ ತೋಳು ಚಕ್ರಕ್ಕೆ ಸಿಕ್ಕಿತು, ಪರ್ರನೆ ಹರಿಯಿತು. ಕೈ ಉಳಿಯಿತು.

ಅವನು ಗೋಡೆಗೆ ಒರಗಿ ನಿಂತ. ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿಕೊಂಡ. ಹೊರಗೆ ಚಪ್ಪಲಿಗಳ ಸದ್ದು ಕೇಳಿತು. ಗರಗಸದ ಕರೆಗೆ ಎಲ್ಲರೂ ಬರುತ್ತಿದ್ದರು. ಅವನು ಹರಿದ ತೋಳನ್ನು ಬೇಗ ಬೇಗ ಮೊಣಕೈಯವರೆಗೆ ಮಡಚಿಕೊಂಡ.

“ಅಣ್ಣ, ಅಂಗಿಗೆ ಏನಾಯಿತು?” ಎಂದು ನಾಗಲಿಂಗ ಕೇಳಿದ. ಅವನು ಬಡಗಿಗಿಂತ ಕಿರಿಯ, ಕೆಲಸದಲ್ಲಿ ಎಲ್ಲರಿಗಿಂತ ಚುರುಕು, ಮಾತಿನಲ್ಲಿ ಇನ್ನೂ ಚುರುಕು.

“ಮೊಳೆ ತಾಗಿತು,” ಎಂದ ಬಡಗಿ.

ಮನೆಗೆ ಹೋಗುವ ದಾರಿಯಲ್ಲಿ ಅವನು ಹರಿದ ತೋಳನ್ನು ಮತ್ತೆ ಮತ್ತೆ ಬಿಚ್ಚಿ ನೋಡಿದ. ಇವರಿಗೆ ಹೇಳಬೇಕು ಎಂದುಕೊಂಡ. ಹೇಳಿದರೆ ಏನಾಗುತ್ತದೆ ಎಂಬುದೂ ಅವನಿಗೆ ಕಾಣುತ್ತಿತ್ತು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದವನು ತನ್ನ ಮುಖ ನೋಡುತ್ತಾನೆ. ಸೌದೆ ಒಡೆಯಲು ಹೋಗೆಂದು ಅವನು ಹೇಳಬೇಕಾಗಿಲ್ಲ, ನೋಡಿದರೆ ಸಾಕು. ಬಡಗಿಗೆ ಕೈ ಹೋಗುತ್ತಿತ್ತಲ್ಲ ಎಂಬ ಭಯ ಎರಡು ದಿನದಲ್ಲಿ ಇಳಿಯಿತು. ಈ ನಾಚಿಕೆ ಇಳಿಯಲಿಲ್ಲ.

ತಾನು ತಿದ್ದಿಕೊಂಡರೆ ಆಯಿತಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ. ನಿಜವಾಗಿಯೂ ತಿದ್ದಿಕೊಂಡ. ಅಂದಿನಿಂದ ಕರೆಂಟು ಹೋದರೆ ಅವನು ಮೊದಲು ಸ್ವಿಚ್ಚು ಆರಿಸುತ್ತಿದ್ದ. ಆಮೇಲೆ ಗೋಡೆಯ ಫ್ಯೂಸನ್ನು ಕಿತ್ತು ಜೇಬಿನಲ್ಲಿ ಹಾಕಿಕೊಳ್ಳುತ್ತಿದ್ದ. ಫ್ಯೂಸು ಜೇಬಿನಲ್ಲಿರುವಷ್ಟು ಹೊತ್ತು ಯಂತ್ರ ತಿರುಗುವಂತಿಲ್ಲ. ಕರೆಂಟು ಬಂದ ಮೇಲೆ, ಮುಚ್ಚಳ ಸರಿಯಾಗಿದೆಯೇ ಎಂದು ನೋಡಿ, ತಾನೇ ಫ್ಯೂಸು ಹಾಕುತ್ತಿದ್ದ.

ಇದನ್ನು ಮೊದಲು ಕಂಡವನು ನಾಗಲಿಂಗ.

“ಏನಣ್ಣ ಇದು? ಮಲಗಿದ ನಾಯಿಗೆ ಬಾಯಿ ಕಟ್ಟಿದ ಹಾಗಾಯಿತು. ಕರೆಂಟೇ ಇಲ್ಲದ ಮಿಷನ್ನು ನಿಮಗೇನು ಮಾಡೀತು?”

ಸುತ್ತಲಿದ್ದವರು ನಕ್ಕರು. ಹೆಬ್ಬೆರಳಿನವನೂ ನಕ್ಕ. ಎಲ್ಲರೂ ಉತ್ತರಕ್ಕೆ ಕಾದರು. ಹೇಳುವುದಾದರೆ ಈಗಲೇ ಹೇಳಬೇಕು ಎಂದು ಬಡಗಿಗೆ ಗೊತ್ತಿತ್ತು. ಅವನು ಹೆಬ್ಬೆರಳಿನವನ ಮುಖ ನೋಡಿದ.

“ನನಗೆ ಏನೂ ಮಾಡುವುದಿಲ್ಲ. ಮೋಟರಿಗೆ ಮಾಡುತ್ತದೆ,” ಎಂದ. “ಕರೆಂಟು ಬರುವಾಗ ಒಮ್ಮೆಲೇ ಜೋರಾಗಿ ಬರುತ್ತದೆ. ಮೋಟರು ಸುಟ್ಟುಹೋದರೆ ನಿಮ್ಮಪ್ಪ ತಂದು ಹಾಕುತ್ತಾನಾ? ಇನ್ನು ಮೇಲೆ ಎಲ್ಲರೂ ಫ್ಯೂಸು ಕೀಳಬೇಕು. ಕೇಳಿಸಿತೇ?”

ಎಲ್ಲರಿಗೂ ಕೇಳಿಸಿತು. ಅಣ್ಣನ ಮಾತಲ್ಲವೇ? ಅಂದಿನಿಂದ ಎಲ್ಲರೂ ಫ್ಯೂಸು ಕಿತ್ತು ಜೇಬಿಗೆ ಹಾಕತೊಡಗಿದರು. ನಾಗಲಿಂಗ ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದ. ಬಡಗಿಯ ಮನಸ್ಸು ಹಗುರವಾಯಿತು. ಕೈಗಳು ಉಳಿದವು, ಮರ್ಯಾದೆಯೂ ಉಳಿಯಿತು. ಕಾರಣ ಯಾವುದಾದರೇನು, ಕೆಲಸ ಸರಿಯಾಗಿ ನಡೆದರೆ ಸಾಕು ಎಂದು ಅವನು ಎಣಿಸಿದ. ಮೋಟರಿನ ಮಾತನ್ನು ಹೊಸಬರಿಗೆ ಹೇಳಿ ಹೇಳಿ, ಕೊನೆಗೆ ಅದು ಸುಳ್ಳೆಂಬುದು ಅವನಿಗೇ ಅಷ್ಟಾಗಿ ಚುಚ್ಚದಾಯಿತು.

ಈ ಮಾತು ಕಾರ್ಖಾನೆಯ ಯಜಮಾನನ ಕಿವಿಗೂ ಬಿತ್ತು. ಅವನು ಒಳ್ಳೆಯವನು. ತನ್ನ ಯಂತ್ರದ ಮೇಲೆ ಕೆಲಸಗಾರರಿಗೆ ಇಷ್ಟು ಕಾಳಜಿ ಇದೆಯಲ್ಲ ಎಂದು ಅವನಿಗೆ ಸಂತೋಷವಾಯಿತು. ಒಂದು ಬೆಳಿಗ್ಗೆ ಮಿಸ್ತ್ರಿಯನ್ನು ಕರೆತಂದು ಗೋಡೆಗೆ ಒಂದು ಪೆಟ್ಟಿಗೆ ಹಾಕಿಸಿದ. ಎಲ್ಲರನ್ನೂ ಕರೆದು ಹೇಳಿದ:

“ಇದು ಸ್ಟೆಬಿಲೈಸರು. ಇನ್ನು ಕರೆಂಟು ಎಷ್ಟು ಜೋರಾಗಿ ಬಂದರೂ ಮೋಟರು ಸುಡುವುದಿಲ್ಲ. ಫ್ಯೂಸು ಕೀಳುವ ತಾಪತ್ರಯ ಇವತ್ತಿಗೆ ಮುಗಿಯಿತು. ಮೋಟರಿನ ವಿಷಯ ಹೇಳಿದ ಹಿರಿಯರಿಗೆ ಎಲ್ಲರೂ ಚಪ್ಪಾಳೆ ತಟ್ಟಿ.”

ಎಲ್ಲರೂ ತಟ್ಟಿದರು. ಫ್ಯೂಸು ಕೀಳುವುದನ್ನು ಬಿಡಬೇಡಿ ಎಂದು ಹೇಳಲು ಬಡಗಿ ಬಾಯಿ ತೆರೆದ. ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಈಗ ಒಂದಲ್ಲ, ಎರಡು ಹೇಳಬೇಕು: ಅಂದು ಕೈ ಹಾಕಿದ್ದು, ಆಮೇಲೆ ಸುಳ್ಳು ಹೇಳಿದ್ದು. ಅದೂ ಯಜಮಾನನ ಎದುರಿಗೆ, ಚಪ್ಪಾಳೆಯ ನಡುವೆ. ಯಜಮಾನ ಹೋಗಲಿ, ಆಮೇಲೆ ಹೇಳೋಣ ಎಂದು ಬಾಯಿ ಮುಚ್ಚಿಕೊಂಡ. ಯಜಮಾನ ಹೋದ. ಕೆಲಸ ಶುರುವಾಯಿತು. ಸಂಜೆ ಹೇಳೋಣ ಎಂದುಕೊಂಡ. ಸಂಜೆ ಎಲ್ಲರಿಗೂ ಮನೆಗೆ ಹೋಗುವ ಅವಸರ. ಅವನು ಮಾತ್ರ ತನ್ನ ಪಾಳಿಯಲ್ಲಿ ಫ್ಯೂಸು ಕೀಳುತ್ತಲೇ ಇದ್ದ. ಅಣ್ಣನಿಗೆ ಅಭ್ಯಾಸ ಹೋಗಲಿಲ್ಲ ಎಂದು ಉಳಿದವರು ನಗುತ್ತಿದ್ದರು.

ಹೀಗಿರುವಾಗ ಒಂದು ದಿನ ಗರಗಸದ ಮುಂದೆ ನಾಗಲಿಂಗ ಇದ್ದ. ಬಡಗಿ ಕಾರ್ಖಾನೆಯ ಇನ್ನೊಂದು ತುದಿಯಲ್ಲಿ ಒಂದು ಬಾಗಿಲಿಗೆ ಮರಳುಕಾಗದ ತಿಕ್ಕುತ್ತಿದ್ದ. ಕರೆಂಟು ಹೋಯಿತು. ಕೆಲಸ ಬಹಳವಿದ್ದುದರಿಂದ ಯಾರೂ ಚಹಾಕ್ಕೆ ಹೋಗಲಿಲ್ಲ. ಬಡಗಿ ಬಾಗಿಲಿನ ಅಂಚಿಗೆ ಬಾಗಿದ್ದ. ಗರಗಸ ಗುಂಯ್ ಎಂದದ್ದು ಅವನಿಗೆ ಕೇಳಿಸಿತು. ಅದರ ಹಿಂದೆಯೇ ಒಂದು ಕೂಗು.

ಮೊದಲು ಓಡಿ ಸ್ವಿಚ್ಚು ಆರಿಸಿದವನು ಅವನೇ. ಮುಚ್ಚಳ ತೆರೆದಿತ್ತು. ಮೇಜಿನ ಸೀಳಿನಲ್ಲಿ ಒಂದು ಚಕ್ಕೆ ಸಿಕ್ಕಿಕೊಂಡಿತ್ತು. ಏನಾಯಿತೆಂದು ಉಳಿದವರು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಬಡಗಿ ಯಾರನ್ನೂ ಕೇಳಲಿಲ್ಲ.

ನಾಗಲಿಂಗನ ಬಲಗೈಯ ಎರಡು ಬೆರಳುಗಳು ಹೋದವು.

ಬಡಗಿ ಆಸ್ಪತ್ರೆಗೆ ಹೋದ. ಬಾಗಿಲಲ್ಲಿ ಬಹಳ ಹೊತ್ತು ನಿಂತ. ನಾಗಲಿಂಗನ ಹೆಂಡತಿ ಅವನನ್ನು ಕಂಡು ಎದ್ದು, ಸ್ಟೂಲನ್ನು ಸೆರಗಿನಿಂದ ಒರೆಸಿ, “ಕೂತುಕೊಳ್ಳಿ ಅಣ್ಣ,” ಎಂದಳು. ಅವನು ಕೂರಲಿಲ್ಲ.

ನಾಗಲಿಂಗ ಬ್ಯಾಂಡೇಜಿನ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡ. ಅವನಿಗೆ ನಾಚಿಕೆಯಾಗಿತ್ತು.

“ತಪ್ಪಾಯಿತು ಅಣ್ಣ. ನಿಮ್ಮ ಹೆಸರು ಕೆಡಿಸಿಬಿಟ್ಟೆ,” ಎಂದ. “ನಿಮ್ಮ ಕೈಯಲ್ಲಿ ಕಲಿತವನು ಹೀಗೆ ಮಾಡಿಕೊಂಡ ಅಂತ ಊರೆಲ್ಲ ಆಡಿಕೊಳ್ಳುತ್ತದೆ. ಮೋಟರಿಗೆ ಪೆಟ್ಟಿಗೆ ಇದೆಯಲ್ಲ, ಇನ್ನೇನು ಅಂತ ಫ್ಯೂಸು ಹಾಗೇ ಬಿಟ್ಟೆ. ಕೈಯ ವಿಚಾರ ನನಗೆ ಹೊಳೆಯಲೇ ಇಲ್ಲ.”

ಬಡಗಿ ಮಂಚದ ಕಬ್ಬಿಣ ಹಿಡಿದುಕೊಂಡ. ಅವನು ಯಾವ ಮಾತಿಗೂ ಸಿದ್ಧನಾಗಿ ಬಂದಿದ್ದ. ಬೈದರೆ ಬೈಸಿಕೊಳ್ಳೋಣ, ಹೆಂಡತಿ ಅತ್ತರೆ ತಲೆ ತಗ್ಗಿಸೋಣ ಎಂದು ಬಂದಿದ್ದ. ನಾಗಲಿಂಗನೇ ತನ್ನಲ್ಲಿ ಕ್ಷಮೆ ಕೇಳುತ್ತಾನೆ ಎಂದು ಎಣಿಸಿರಲಿಲ್ಲ.

“ನನಗೆ ಹೊಳೆದಿತ್ತು, ನಾಗಲಿಂಗ,” ಎಂದ.

ಆಮೇಲೆ ಎಲ್ಲವನ್ನೂ ಹೇಳಿದ. ಚಕ್ಕೆಯ ವಿಷಯ ಹೇಳಿದ. ಹರಿದ ಅಂಗಿಯ ವಿಷಯ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದ ದಿನ ಬಾಯಿ ತೆರೆದು ಮುಚ್ಚಿಕೊಂಡದ್ದನ್ನು ಹೇಳಿದ. ಮೂಸಂಬಿ ಸುಲಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು. ಸುಲಿದ ಹಣ್ಣನ್ನು ಯಾರಿಗೂ ಕೊಡದೆ ತಟ್ಟೆಯಲ್ಲಿಟ್ಟಳು.

ನಾಗಲಿಂಗ ಕೂಗಾಡಲಿಲ್ಲ. ಹೊದಿಕೆಯೊಳಗಿಂದ ಕೈ ಹೊರಗೆ ತೆಗೆದ. ಅದನ್ನು ನೋಡಿದ, ಅಣ್ಣನನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ:

“ಅವತ್ತು ನಾನು ತಮಾಷೆ ಮಾಡಿದರೂ ಕೇಳಿದ್ದು ನಿಮ್ಮನ್ನೇ ಅಲ್ಲವೇ ಅಣ್ಣ? ನನಗೆ ಮೋಟರು ಅಂತ ಯಾಕೆ ಹೇಳಿದಿರಿ?”

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ಕಾದ. ಗುರುಗಳು ಮುಂದುವರಿಸುವ ಲಕ್ಷಣ ಕಾಣಲಿಲ್ಲ. ಅವನ ಕಿವಿ ಕೆಂಪಾಗಿತ್ತು. ಕೊನೆಗೆ ತಡೆಯಲಾರದೆ ಕೇಳಿದ:

“ಅದಕ್ಕೆ ಆ ಬಡಗಿ ಏನೆಂದ, ಗುರುಗಳೇ?”

“ಅದನ್ನು ನಿನ್ನ ಬಾಯಿಂದ ಕೇಳೋಣವೆಂದೇ ಈ ಕತೆ ಹೇಳಿದೆ,” ಎಂದರು ಗುರುಗಳು.